ನಿಮಗಿದು ಗೊತ್ತೆ? ವಿಷಕ್ಕೆ ಜಗ್ಗದ ಇಲಿ
ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತುವಿರುತ್ತದೆ. ಅದನ್ನು ಹೆಚ್ಚು ಚುಚ್ಚಿದರೆ ಪ್ರಯೋಗಾಲಯದ ಇಲಿ ರೋಮ ನಿಮಿರಿಸಿ, ಮೂಲೆಯಲ್ಲಿ ಮುದುರಿ ಕೂತು ಸಾಯುತ್ತದೆ. ಆದರೆ 1960ರ ದಶಕದಲ್ಲಿ, ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯ ‘ಸಿ3ಎಚ್/ಎಚ್‌ಇಜೆ’ ಎಂಬ ಕಂದು ಮೈಯ ತಳಿಗೆ ಈ ವಿಷ ತಾಗುವುದೇ ಇಲ್ಲ ಎಂದು ತಿಳಿಯಿತು.

ಗಟ್ಟಿ ಪಿಂಡ ಅಂದುಕೊಂಡಿರಾ? ಜೀವಂತ ಸಾಲ್ಮೊನೆಲ್ಲಾ ಹೊಕ್ಕರೆ ಕತೆ ಉಲ್ಟಾ. ಅದರ ದಾಯಾದಿ ಇಲಿಗಳು ತಡೆದುಕೊಳ್ಳುವಷ್ಟು ಸೋಂಕಿಗೇ ಇದು ಬಲಿಯಾಗುತ್ತದೆ!

ಗುಟ್ಟು ಬಿಚ್ಚಿದ್ದು 1998ರಲ್ಲಿ, ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ ತಂಡ. ಎಂಡೋಟಾಕ್ಸಿನ್ ಗುರುತಿಸುವ ‘ಟಿಎಲ್‌ಆರ್4’ ಜೀನ್‌ನಲ್ಲಿ ಈ ತಳಿಗೆ ಒಂದೇ ಒಂದು ಅಕ್ಷರ ತಪ್ಪಾಗಿತ್ತು. ಕಳ್ಳ ಬಂದರೂ ಬೊಗಳದ ನಾಯಿಯ ಹಾಗೆ! ಉಳಿದ ಇಲಿಗಳನ್ನು ಕೊಲ್ಲುತ್ತಿದ್ದದ್ದು ವಿಷಕ್ಕಿಂತ ಹೆಚ್ಚಾಗಿ ಅವುಗಳದ್ದೇ ರೋಗನಿರೋಧಕ ವ್ಯವಸ್ಥೆಯ ರಂಪಾಟ. ಈ ಶೋಧಕ್ಕೆ ಬಾಯ್ಟ್ಲರ್‌ಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಅಂದಹಾಗೆ, ಎಂಡೋಟಾಕ್ಸಿನ್ ವಿಷಯದಲ್ಲಿ ಮನುಷ್ಯನೇ ನಾಜೂಕು. ಇಲಿ ಲೆಕ್ಕಕ್ಕಿಡದಷ್ಟು ಪ್ರಮಾಣಕ್ಕೇ ನಮಗೆ ಚಳಿಜ್ವರ.