ಕಣ್ಣು ಬೇಡದ ಬೇಟೆ: ಬಾಳೆ ಮೀನಿನ ಊಟದ ಭೌತವಿಜ್ಞಾನ

ಬರ್ನೂಲಿಯ ತತ್ತ್ವದ ಪಾಠ ಮುಗಿದ ದಿನ, ತಿರುಮಕೂಡಲು ನರಸೀಪುರದ ಕಡೆಯಿಂದ ಮೈಸೂರಿಗೆ ಓದಲು ಬಂದಿದ್ದ ವಿದ್ಯಾರ್ಥಿಯೊಬ್ಬ ತರಗತಿಯ ನಂತರ ನನ್ನ ಬಳಿ ಬಂದು ನಿಂತ. "ಸಾರ್, ಆಷಾಢದಲ್ಲಿ ಹೊಳೆಗೆ ಕೆಂಪು ನೀರು ಬಂದಾಗ ಅಂಗೈ ಮುಳುಗಿಸಿದರೆ ಅಂಗೈ ಕಾಣೋದಿಲ್ಲ. ಅಂಥ ನೀರಲ್ಲಿ, ಅದೂ ರಾತ್ರಿ ಹೊತ್ತು, ಬಾಳೆ ಮೀನು ಗಾಳಕ್ಕೆ ಕಟ್ಟಿದ ಮರಿಮೀನನ್ನ ಹೆಂಗೆ ಹುಡುಕುತ್ತೆ?" ಎಂದು ಕೇಳಿದ. ನಾನು ಮೀನು ತಿನ್ನುವವನಲ್ಲ, ಪ್ರಾಣಿಶಾಸ್ತ್ರ ಓದಿದವನೂ ಅಲ್ಲ. "ನೋಡಿ ಹೇಳ್ತೀನಪ್ಪ" ಎಂದು ಕಳುಹಿಸಿದೆ. ನೋಡುತ್ತಾ ಹೋದಂತೆ, ಅಂದಿನ ಪಾಠಕ್ಕೂ ಅವನ ಪ್ರಶ್ನೆಗೂ ಹತ್ತಿರದ ನಂಟಿದೆ ಎಂಬುದು ತಿಳಿಯಿತು.

ಮೊದಲು ಮೀನಿನ ಪರಿಚಯ. ಬಾಳೆ ಮೀನಿಗೂ ಬಾಳೆಹಣ್ಣಿಗೂ ಸಂಬಂಧವಿಲ್ಲ. ಕನ್ನಡದ ಬಾಳೆ, ತಮಿಳಿನ ವಾಳೈ, ತೆಲುಗಿನ ವಾಲುಗ ಇವೆಲ್ಲ ಒಂದೇ ಬಳಗದ ಪದಗಳು. ತೆಲುಗಿನ ಆ ಹೆಸರೇ ಲ್ಯಾಟಿನ್ ವೇಷ ತೊಟ್ಟು 'ವಲ್ಲಾಗೊ ಅಟ್ಟು' ಎಂಬ ವೈಜ್ಞಾನಿಕ ಹೆಸರಿನಲ್ಲಿ ಸೇರಿಕೊಂಡಿದೆ. ಇಂಗ್ಲಿಷಿನಲ್ಲಿ ಕ್ಯಾಟ್‌ಫಿಶ್ ಎಂದು ಕರೆಯುವ ಮೀಸೆಯ ಮೀನುಗಳಲ್ಲಿ ಇದೂ ಒಂದು. ಕಾವೇರಿ, ಕಪಿಲೆ, ತುಂಗಭದ್ರೆ, ಕೃಷ್ಣರಾಜಸಾಗರದ ಹಿನ್ನೀರು ಎಲ್ಲವೂ ಇದರ ನೆಲೆ. ಮೈಮೇಲೆ ಹುರುಪೆಗಳಿಲ್ಲ. ದೇಹ ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆ. ಚೆನ್ನಾಗಿ ಬೆಳೆದರೆ ಉದ್ದ ಒಂದು ಮೀಟರನ್ನೂ ಮೀರುತ್ತದೆ. ಬಾಯಿಯಂತೂ ಕಣ್ಣಿನ ಹಿಂದಿನವರೆಗೂ ಸೀಳಿದೆ. ಆ ಬಾಯಿಗೆ ಹೋಲಿಸಿದರೆ ಕಣ್ಣು ಬಲು ಸಣ್ಣದು. ಹಗಲೆಲ್ಲ ಮಡುವಿನ ತಳದಲ್ಲಿ ಸೋಮಾರಿಯಂತೆ ಬಿದ್ದಿದ್ದು, ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಮರಿಯಾಗಿದ್ದಾಗ ಹುಳುಹುಪ್ಪಟೆ, ಸೀಗಡಿ; ಬಲಿತ ಮೇಲೆ ಮುಖ್ಯವಾಗಿ ಬೇರೆ ಮೀನುಗಳು. 'ಸಿಹಿನೀರಿನ ಶಾರ್ಕ್' ಎಂಬ ಅಡ್ಡಹೆಸರು ಬಂದದ್ದು ಇದರಿಂದಲೇ.

ಆದರೆ ಈ ಹೆಸರು ದಾರಿ ತಪ್ಪಿಸುತ್ತದೆ. ಶಾರ್ಕ್ ಕಚ್ಚಿ ಕತ್ತರಿಸಬಲ್ಲದು. ಬಾಳೆಗೆ ಕತ್ತರಿಸುವ ಹಲ್ಲಿಲ್ಲ. ಅದರ ದವಡೆಯಲ್ಲಿರುವುದು ಬ್ರಷ್ಷಿನ ಕೂದಲಿನಂತೆ ಒತ್ತೊತ್ತಾಗಿ, ಒಳಮುಖವಾಗಿ ಬಾಗಿದ ಸಣ್ಣ ಹಲ್ಲುಗಳ ಪಟ್ಟಿ. ಬಾಯೊಳಗೆ ಬಂದದ್ದು ಹೊರಗೆ ಜಾರದಂತೆ ತಡೆಯುವುದಷ್ಟೇ ಅವುಗಳ ಕೆಲಸ. ಬೇಟೆ ಇಡಿಯಾಗಿ ಒಳಗೆ ಹೋಗಬೇಕು. ಹಾಗೆ ಒಳಗೆ ಎಳೆದುಕೊಳ್ಳುವುದರಲ್ಲಿ ನೀರಿನ ಹರಿವಿಗೆ ದೊಡ್ಡ ಪಾಲಿದೆ.

ಮೀನು ಬಾಯಿಯನ್ನೂ ಕಿವಿರಿನ ಗೂಡನ್ನೂ ಥಟ್ಟನೆ ಹಿಗ್ಗಿಸುತ್ತದೆ. ಒಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ನೀರು ನುಗ್ಗುತ್ತದೆ, ನೀರಿನ ಜೊತೆಗೆ ಮರಿಮೀನೂ ಬರುತ್ತದೆ. ಒಂದು ಒರಟು ಅಂದಾಜು ಮಾಡೋಣ. ಒತ್ತಡದ ಕುಸಿತ ವಾಯುಮಂಡಲದ ಒತ್ತಡದ ಹತ್ತನೆಯ ಒಂದರಷ್ಟು, ಅಂದರೆ 10,000 ಪಾಸ್ಕಲ್ ಎಂದಿಟ್ಟುಕೊಳ್ಳಿ. ಬರ್ನೂಲಿಯ ಸಮೀಕರಣದ ಪ್ರಕಾರ ವೇಗದ ವರ್ಗವು ಒತ್ತಡದ ಎರಡರಷ್ಟನ್ನು ನೀರಿನ ಸಾಂದ್ರತೆಯಿಂದ ಭಾಗಿಸಿದ್ದಕ್ಕೆ ಸಮ. 20,000ವನ್ನು 1,000ದಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 4.5 ಮೀಟರ್. ಬಾಯಿ ತೆರೆದು ಮುಚ್ಚುವುದು ಕ್ಷಣಾರ್ಧದ ಕೆಲಸವಾದ್ದರಿಂದ ಸ್ಥಿರ ಹರಿವಿನ ಸಮೀಕರಣ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಆದರೂ ವೇಗ ಯಾವ ಮಟ್ಟದ್ದೆಂದು ತಿಳಿಯಲು ಇಷ್ಟು ಸಾಕು. ಬಾಯಿಯ ಅಂಚಿನಲ್ಲಿರುವ ಮರಿಮೀನು ಇಂಥ ಸೆಳೆತದಿಂದ ಪಾರಾಗುವುದು ಕಷ್ಟ.

ಅಂಚಿನಿಂದ ಸ್ವಲ್ಪ ದೂರದಲ್ಲಿದ್ದರೆ? ಇಲ್ಲೇ ಸ್ವಾರಸ್ಯವಿರುವುದು. ಉರಿಯುವ ಮೇಣದ ಬತ್ತಿಯನ್ನು ಒಂದು ಅಡಿ ದೂರದಿಂದ ಊದಿ ಆರಿಸುವುದು ಸುಲಭ. ಅಷ್ಟೇ ದೂರದಿಂದ ಉಸಿರನ್ನು ಒಳಗೆಳೆದು ಆರಿಸಲು ಯಾರಿಗೂ ಆಗದು. (ಹತ್ತಿರ ಹೋಗಿ ಪ್ರಯತ್ನಿಸಬೇಡಿ, ಮೂತಿ ಸುಟ್ಟೀತು!) ಊದಿದ ಗಾಳಿ ಒಂದೇ ದಿಕ್ಕಿಗೆ ಧಾರೆಯಾಗಿ ಸಾಗುತ್ತದೆ, ಹೀರಿದಾಗ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಬಾಯಿಯ ತ್ರಿಜ್ಯ R ಆದರೆ ಅದರ ವಿಸ್ತೀರ್ಣ πR². ಬಾಯಿಯಿಂದ r ದೂರದಲ್ಲಿ ಅಷ್ಟೇ ನೀರು 4πr² ವಿಸ್ತೀರ್ಣದ ಗೋಳವನ್ನು ದಾಟಿ ಬರಬೇಕು. ಬಾಯಿಯ ಒಂದು ವ್ಯಾಸದಷ್ಟು ದೂರದಲ್ಲಿ, ಅಂದರೆ r = 2R ಆದಾಗ, ವೇಗ ಹದಿನಾರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಪ್ರಯೋಗಾಲಯದಲ್ಲಿ ಬೇರೆ ಮೀನುಗಳ ಮೇಲೆ ನಡೆಸಿದ ಅಳತೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ: ಒಂದು ಬಾಯಿಯಗಲ ಆಚೆಗೆ ಸೆಳೆತ ಸುಮಾರು ಶೇ. 5 ಮಾತ್ರ.

ತರಗತಿಯಲ್ಲಿ ಇದನ್ನು ತೋರಿಸಬಹುದು. ತಟ್ಟೆಯಲ್ಲಿ ನೀರು ಹಾಕಿ, ನೆನೆಸಿದ ಕಾಮಕಸ್ತೂರಿ ಬೀಜಗಳನ್ನು ಹರಡಿ. ಸೂಜಿ ತೆಗೆದ ಸಿರಿಂಜಿನ ಮೂತಿಯನ್ನು ನೀರಿನಲ್ಲಿಟ್ಟು ಹಿಡಿಯನ್ನು ಥಟ್ಟನೆ ಎಳೆಯಿರಿ. ಮೂತಿಗೆ ಅಂಟಿಕೊಂಡಂತಿದ್ದ ಬೀಜ ಹಾರಿಬರುತ್ತದೆ. ಬೆರಳಗಲ ದೂರದ್ದು ಕದಲುವುದೇ ಇಲ್ಲ.

ಆದ್ದರಿಂದ ಹೀರಿ ತಿನ್ನುವ ಮೀನು ಬೇಟೆಯ ತೀರ ಹತ್ತಿರಕ್ಕೆ ಹೋಗಲೇಬೇಕು. ದೊಡ್ಡ ಬಾಯಿ ಇದ್ದರೆ ಸೆಳೆತ ಸ್ವಲ್ಪ ದೂರ ಚಾಚುತ್ತದೆ, ಅಷ್ಟೆ. ಬಗ್ಗಡದ ನೀರಿನಲ್ಲಿ, ನಡುರಾತ್ರಿಯಲ್ಲಿ, ಬೇಟೆಯನ್ನು ಅಂಗೈಯಗಲದೊಳಗೆ ಗುರಿ ಹಿಡಿಯುವುದು ಹೇಗೆ? ವಿದ್ಯಾರ್ಥಿಯ ಪ್ರಶ್ನೆ ಇದೇ ತಾನೆ.

ದೂರದಿಂದಲೇ ಶುರು ಮಾಡೋಣ. ಈಜುವ ಮೀನು ತನ್ನ ಹಿಂದೆ ಸುಳಿಗಳ ಜಾಡನ್ನು ಬಿಟ್ಟು ಹೋಗುತ್ತದೆ. ಬಾಳೆಯ ಕುಟುಂಬಕ್ಕೇ ಸೇರಿದ ಯೂರೋಪಿನ ವೆಲ್ಸ್ ಎಂಬ ಮೀಸೆ ಮೀನನ್ನು ಸಂಶೋಧಕರು ಪೂರ್ಣ ಕತ್ತಲಲ್ಲಿ ಪುಟ್ಟ ಗಪ್ಪಿ ಮೀನುಗಳೊಂದಿಗೆ ಬಿಟ್ಟು, ಅವುಗಳ ಓಡಾಟವನ್ನು ದಾಖಲಿಸಿ 2001ರಲ್ಲಿ ಪ್ರಕಟಿಸಿದರು. ಗಪ್ಪಿ ಹಾದುಹೋಗಿ 10 ಸೆಕೆಂಡುಗಳಾಗಿದ್ದರೂ ವೆಲ್ಸ್ ಅದು ಹೋದ ತಿರುವುಗಳಲ್ಲೇ ತಿರುಗುತ್ತಾ ಬೆನ್ನಟ್ಟಿತ್ತು. ಇಲ್ಲಿ ಮುಖ್ಯ ಸಾಧನ ಪಾರ್ಶ್ವರೇಖೆ. ಮೀನಿನ ಪಕ್ಕದುದ್ದಕ್ಕೂ ಇರುವ ಈ ಸಾಲಿನ ರೋಮಕೋಶಗಳು ನೀರಿನ ಸಣ್ಣ ಅಲುಗಾಟಕ್ಕೂ ಮಿಡಿಯುತ್ತವೆ. ಇದೇ ವೆಲ್ಸ್ ಫ್ರಾನ್ಸಿನ ಆಲ್ಬಿ ಪಟ್ಟಣದ ಬಳಿ ಟಾರ್ನ್ ನದಿಯಲ್ಲಿ, ನೀರು ಕುಡಿಯಲು ಬಂದ ಪಾರಿವಾಳಗಳನ್ನು ದಡಕ್ಕೆ ಜಿಗಿದು ಹಿಡಿಯುವುದನ್ನು 2011ರಲ್ಲಿ ಚಿತ್ರೀಕರಿಸಲಾಯಿತು. 54 ಜಿಗಿತಗಳಲ್ಲಿ ಗೆದ್ದದ್ದು ಶೇ. 28. ಅಲುಗಾಡದೆ ನಿಂತ ಪಾರಿವಾಳದ ತಂಟೆಗೆ ಅವು ಹೋಗಲಿಲ್ಲವಂತೆ!

ಇನ್ನೂ ಹತ್ತಿರ ಬಂದರೆ ವಿದ್ಯುತ್ತು. ಅಮೆರಿಕದ ಪಾರ್ಕರ್ ಮತ್ತು ವಾನ್ ಹ್ಯೂಸೆನ್ 1917ರಲ್ಲಿ ಮೀಸೆ ಮೀನಿನ ಕಣ್ಣು ಮುಚ್ಚಿ, ಅದರ ಬಳಿಗೆ ಗಾಜಿನ ಕಡ್ಡಿ ಮತ್ತು ಲೋಹದ ಕಡ್ಡಿಗಳನ್ನು ತಂದರು. ಗಾಜು ಮೈಗೆ ತಾಗುವವರೆಗೂ ಮೀನಿಗೆ ಗೊತ್ತಾಗಲಿಲ್ಲ. ಲೋಹವನ್ನು ಮಾತ್ರ ಕೆಲವು ಸೆಂಟಿಮೀಟರ್ ದೂರದಿಂದಲೇ ಅರಿಯಿತು. ನೀರಿನಲ್ಲಿ ಮುಳುಗಿದ ಲೋಹದ ಸುತ್ತ ಹುಟ್ಟುವ ಕ್ಷೀಣ ವಿದ್ಯುತ್ ಪ್ರವಾಹವೇ ಕಾರಣ. ಮೀಸೆ ಮೀನುಗಳ ಚರ್ಮದಲ್ಲಿರುವ ಸೂಕ್ಷ್ಮ ಗ್ರಾಹಕಗಳು ಸೆಂಟಿಮೀಟರಿಗೆ ಒಂದು ಮೈಕ್ರೋವೋಲ್ಟಿನ ಆಸುಪಾಸಿನ ಕ್ಷೇತ್ರವನ್ನು ಗುರುತಿಸುತ್ತವೆ ಎಂದು ಈಗ ತಿಳಿದಿದೆ. ಇದು ಎಷ್ಟು ಕಡಿಮೆ ಎಂದರೆ, 1.5 ವೋಲ್ಟಿನ ಟಾರ್ಚ್ ಸೆಲ್ಲಿನ ಒಂದು ತುದಿ ಮೈಸೂರಿನಲ್ಲೂ ಇನ್ನೊಂದು ತುದಿ 15 ಕಿ.ಮೀ. ದೂರದ ಶ್ರೀರಂಗಪಟ್ಟಣದಲ್ಲೂ ಇದ್ದು, ವೋಲ್ಟೇಜು ದಾರಿಯುದ್ದಕ್ಕೂ ಸಮನಾಗಿ ಇಳಿದಂತೆ! ನಮ್ಮ ಪ್ರಯೋಗಾಲಯದ ಸಾಮಾನ್ಯ ಮೀಟರುಗಳು ಇದಕ್ಕೆ ನಾಚಬೇಕು. ಉಸಿರಾಡುವ ಪ್ರತಿಯೊಂದು ಮೀನಿನ ಕಿವಿರಿನ ಸುತ್ತ ಇಂಥ ಸಣ್ಣ ಕ್ಷೇತ್ರವಿರುತ್ತದೆ. ಅದು ದ್ವಿಧ್ರುವದ ಕ್ಷೇತ್ರವಾದ್ದರಿಂದ ದೂರ ಇಮ್ಮಡಿಯಾದರೆ ಎಂಟನೆಯ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಹತ್ತಿರದಲ್ಲಿ ಮಾತ್ರ ಉಪಯೋಗ. ಆದರೆ ಬಾಳೆಗೆ ಬೇಕಾಗಿರುವುದೂ ಹತ್ತಿರದ ಲೆಕ್ಕವೇ.

ಕೊನೆಯದು ರುಚಿ. ನಮಗೆ ರುಚಿಮೊಗ್ಗುಗಳು ಬಾಯಲ್ಲಿವೆ. ಈ ಮೀನುಗಳಿಗೆ ಮೀಸೆಯ ಮೇಲೂ ಮೈಚರ್ಮದ ಮೇಲೂ ಇವೆ. ಮೈಯೆಲ್ಲ ನಾಲಗೆ ಎಂದರೂ ತಪ್ಪಿಲ್ಲ. ಅಲುಗಾಡದ ಆಹಾರ, ಗಾಳಕ್ಕೆ ಕಟ್ಟಿದ ಸತ್ತ ಮರಿಮೀನು, ಸಿಗುವುದು ಇದರ ನೆರವಿನಿಂದ.

ಇಡಿಯಾಗಿ ನುಂಗುವುದೆಂದರೆ ಬೇಟೆಯ ಗಾತ್ರಕ್ಕೆ ಬಾಯಿಯ ಅಗಲವೇ ಮಿತಿ. ಉತ್ತರಾಖಂಡದ ಕಾಳಿ ನದಿಯಲ್ಲಿ (ನಮ್ಮ ದಾಂಡೇಲಿಯ ಕಾಳಿಯಲ್ಲ, ನೇಪಾಳದ ಗಡಿಯದು) ಗೂಂಚ್ ಎಂಬ ಭಾರಿ ಮೀಸೆ ಮೀನು ಮನುಷ್ಯರನ್ನು ತಿನ್ನುತ್ತದೆ ಎಂಬ ಕಥೆ 2008ರ ಒಂದು ಟಿ.ವಿ. ಚಿತ್ರದಿಂದ ಜಗತ್ತಿಗೆಲ್ಲ ಹಬ್ಬಿತು. ಅಂಥ ಸುದ್ದಿ ಕೇಳಿದಾಗ ವಿದ್ಯಾರ್ಥಿಗಳು ಮೊದಲು ಹಾಕಬೇಕಾದ ಪ್ರಶ್ನೆ: ಬಾಯಿ ಎಷ್ಟಗಲ, ಭುಜ ಎಷ್ಟಗಲ?

ಈಗ ನನ್ನನ್ನು ಕಾಡಿದ ಸಂಗತಿಗೆ ಬರುತ್ತೇನೆ. 'ಬಗ್ಗಡದಲ್ಲಿ ಬದುಕುವ ಮೀನು, ಎಂಥ ಕೊಳಕಾದರೂ ತಡೆಯುತ್ತೆ ಬಿಡಿ' ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಇದು ತಪ್ಪು. ಕೆಂಪು ಮಣ್ಣು ಅಡ್ಡಿಯಾಗುವುದು ಕಣ್ಣಿಗೆ. ಬಾಳೆಯ ಬೇಟೆ ಕಣ್ಣನ್ನು ನಂಬಿಲ್ಲ. ಸಾಬೂನಿನ ಪುಡಿ ಕರಗಿದ ನೀರು ನಮ್ಮ ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಆದರೆ ಅಮೆರಿಕದ ಬಾರ್ಡಾಕ್ ಮತ್ತು ಸಂಗಡಿಗರು 1965ರಲ್ಲೇ ತೋರಿಸಿದಂತೆ, ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗಕ್ಕಿಂತಲೂ ಕಡಿಮೆ ಡಿಟರ್ಜೆಂಟ್ ಇದ್ದರೂ ಅಲ್ಲಿನ ಮೀಸೆ ಮೀನುಗಳ ರುಚಿಮೊಗ್ಗುಗಳು ಸವೆದುಹೋಗುತ್ತವೆ. ಶುದ್ಧ ನೀರಿಗೆ ಬಿಟ್ಟು ವಾರಗಳಾದರೂ ಅವು ಚೇತರಿಸಿಕೊಳ್ಳಲಿಲ್ಲ. ಪಾರ್ಶ್ವರೇಖೆಯ ರೋಮಕೋಶಗಳಿಗೆ ಕರಗಿದ ತಾಮ್ರ ವಿಷ ಎಂಬುದು ಜೀಬ್ರಾ ಮೀನಿನ ಪ್ರಯೋಗಗಳಿಂದ ಗೊತ್ತಾಗಿದೆ. ಕಾಫಿಗೂ ಅಡಿಕೆಗೂ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ತಾಮ್ರದ ಲವಣವೇ. ಅಳೆಯದೆ ಯಾರನ್ನೂ ದೂರಬಾರದು. ಆದರೆ ಅಳೆಯಬೇಕಾದ್ದು ಏನೆಂದು ಗೊತ್ತಿರಲಿ. ಸ್ನಾನಘಟ್ಟದ ಕೆಳಗಿನ ನೀರಿನಲ್ಲಿ ಡಿಟರ್ಜೆಂಟ್ ಪತ್ತೆಹಚ್ಚುವುದು ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಅಸಾಧ್ಯವಾದ ಕೆಲಸವಲ್ಲ.

ಬಾಳೆ ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಸಾಲಿನಲ್ಲಿದೆ. ಇತ್ತ ಆಫ್ರಿಕದ ಕ್ಯಾಟ್‌ಫಿಶ್ ಹಬ್ಬುತ್ತಿದೆ. ಕೇಂದ್ರ ಸರ್ಕಾರ ಇದರ ಸಾಕಣೆಯನ್ನು 1997ರಲ್ಲೇ ನಿಷೇಧಿಸಿದ್ದರೂ ಕದ್ದು ಸಾಕುವುದು ನಿಂತಿಲ್ಲ. ಹೊಂಡಗಳಿಂದ ತಪ್ಪಿಸಿಕೊಂಡವು ಕೆರೆ, ಹೊಳೆ ಸೇರುತ್ತವೆ. ಅದು ನೇರವಾಗಿ ಗಾಳಿಯನ್ನೂ ಉಸಿರಾಡುತ್ತದೆ, ಸತ್ತದ್ದು ಕೊಳೆತದ್ದು ಯಾವುದನ್ನೂ ಬಿಡುವುದಿಲ್ಲ. ಬಾಳೆಗೆ ಆ ಎರಡು ಅನುಕೂಲಗಳೂ ಇಲ್ಲ.

ನರಸೀಪುರದ ಹುಡುಗನಿಗೆ ಇಷ್ಟನ್ನೂ ಹೇಳಿ, ಒಂದು ಕೆಲಸವನ್ನೂ ಒಪ್ಪಿಸಿದೆ, ನೀವೂ ಮಾಡಬಹುದು. ಊರಿನಲ್ಲಿ ಹೊಳೆಯ ಮೀನು ಬಂದ ದಿನ ಮೀಸೆ ಎಣಿಸಿ, ಬೆನ್ನ ಮೇಲಿನ ಈಜುರೆಕ್ಕೆ ನೋಡಿ, ಬರೆದಿಡಿ. ನಾಲ್ಕು ಮೀಸೆ, ಬೆನ್ನ ಮೇಲೆ ಪುಟ್ಟ ರೆಕ್ಕೆ, ಕಣ್ಣು ದಾಟಿದ ಬಾಯಿ ಇದ್ದರೆ ಬಾಳೆ. ಎಂಟು ಮೀಸೆ, ಬೆನ್ನುದ್ದಕ್ಕೂ ರೆಕ್ಕೆ ಇದ್ದರೆ ಆಫ್ರಿಕದ್ದು ಅಥವಾ ಅದರ ನಂಟನಾದ ನಮ್ಮ ಮುರುಗೋಡು. ಅವನ ನೋಟುಪುಸ್ತಕದಲ್ಲಿ ಎರಡನೆಯ ಸಾಲೇ ಉದ್ದವಾಗುತ್ತಿದೆ.