ಕಡಲು, ನದಿ ಮತ್ತು ಒಂದು ಹೆಗಲು

ತ್ರಾಸಿ–ಮರವಂತೆಯ ಹೆದ್ದಾರಿ ಬದಿಯಲ್ಲಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಿಂತವನಿಗೆ ಒಂದು ಬೇಡಿಕೆ ತಪ್ಪಿದ್ದಲ್ಲ. ಕಾರು ನಿಲ್ಲುತ್ತದೆ, ಇಡೀ ಸಂಸಾರ ಇಳಿಯುತ್ತದೆ, ಯಾರದೋ ಮೊಬೈಲು ನಮ್ಮ ಕೈಗೆ ಬರುತ್ತದೆ. ‘ಸರ್, ಒಂದು ಫೋಟೊ ತೆಗೆದುಕೊಡಿ. ಕಡಲೂ ಬರಬೇಕು, ನದಿಯೂ ಬರಬೇಕು.’ ಕಳೆದ ನವೆಂಬರಿನ ಒಂದು ಸಂಜೆ ನನಗೂ ಹಾಗೇ ಆಯಿತು. ಬೆನ್ನ ಮೇಲಿನ ಚೀಲದಲ್ಲಿ ಮೂರು ಲೆನ್ಸು ಇದ್ದವು. ಆ ಮೂರರಲ್ಲಿ ಒಂದರಿಂದಲೂ ಅವರು ಕೇಳಿದ ಚಿತ್ರ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಕ್ಯಾಲೆಂಡರಿನಲ್ಲಿ, ಪ್ರವಾಸೋದ್ಯಮದ ಜಾಹೀರಾತಿನಲ್ಲಿ ನಾವೆಲ್ಲ ನೋಡಿದ ಆ ಚಿತ್ರ ಆಕಾಶದಿಂದ ತೆಗೆದದ್ದು. ನೆಲದ ಮೇಲೆ ನಿಂತು ತೆಗೆಯಲು ಹೋದರೆ, ಎಷ್ಟೇ ಅಗಲದ ಲೆನ್ಸು ಹಾಕಿದರೂ ಚೌಕಟ್ಟಿನ ನಡುವೆ ಡಾಂಬರು ಮಲಗಿಕೊಳ್ಳುತ್ತದೆ. ಕಡಲು ಎಡಗಡೆಯ ಅಂಚಿಗೊಂದು ಗೆರೆ, ನದಿ ಬಲಗಡೆಗೊಂದು ಗೆರೆ. ದಾರಿ ಚತುಷ್ಪಥವಾದ ಮೇಲಂತೂ ಡಾಂಬರಿನ ಪಾಲು ಇನ್ನೂ ದೊಡ್ಡದಾಯಿತು.

ಸ್ವಾರಸ್ಯವೇನೆಂದರೆ, ಸಾಮಾನ್ಯ ಡ್ರೋನುಗಳಲ್ಲಿ ಇರುವ ಲೆನ್ಸೂ 24ರಿಂದ 28 ಮಿ.ಮೀ.ಗೆ ಸಮನಾದದ್ದೇ. ನಿಮ್ಮ ಮೊಬೈಲಿನ ಮುಖ್ಯ ಲೆನ್ಸೂ ಹೆಚ್ಚುಕಡಿಮೆ ಅಷ್ಟೇ. ಎರಡಕ್ಕೂ ಕಣ್ಣು ಒಂದೇ, ನಿಂತ ಜಾಗ ಬೇರೆ. ಲೆನ್ಸು ಕೊಳ್ಳಲು ಹೊರಟವರು ಮೊದಲು ಕಲಿಯಬೇಕಾದ ಪಾಠ ಇದು. ಎಲ್ಲಿ ನಿಲ್ಲಬಲ್ಲೆವು, ಎಷ್ಟು ಹತ್ತಿರ ಹೋಗಬಲ್ಲೆವು ಎಂಬುದು ತಿಳಿದರೆ ಯಾವ ಲೆನ್ಸು ಬೇಕೆಂಬುದು ಬಹುಮಟ್ಟಿಗೆ ತಾನೇ ತೀರ್ಮಾನವಾಗುತ್ತದೆ.

ಕೊಡಚಾದ್ರಿಯನ್ನು ಅಳೆದು ನೋಡಿ

ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ ಸಂಗಮದೂರವನ್ನು ಹೇಳುತ್ತದೆ. ಅದು ಕಡಿಮೆಯಿದ್ದಷ್ಟೂ ನೋಟ ಅಗಲ, ಹೆಚ್ಚಿದಷ್ಟೂ ಕಿರಿದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸು ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಡುತ್ತದೆ, 50 ಮಿ.ಮೀ. 47 ಡಿಗ್ರಿ, 200 ಮಿ.ಮೀ. ಬರೀ 12 ಡಿಗ್ರಿ. ಸೆನ್ಸರ್ ಚಿಕ್ಕದಿರುವ ಎಪಿಎಸ್–ಸಿ ಕ್ಯಾಮೆರಾವಾದರೆ ಲೆನ್ಸಿನ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಿಕೊಳ್ಳಿ. ಅದರಲ್ಲಿ 35 ಮಿ.ಮೀ. ಲೆನ್ಸು ಸುಮಾರು 50ರ ಹಾಗೆ ನಡೆದುಕೊಳ್ಳುತ್ತದೆ.

ಈ ಅಂಕಿಗಳು ತಲೆಗೆ ಹತ್ತದಿದ್ದರೆ ಮಳೆ ಬಿಟ್ಟ ಮೇಲಿನ ಒಂದು ತಿಳಿ ಬೆಳಿಗ್ಗೆ ಸೌಪರ್ಣಿಕೆಯ ದಡಕ್ಕೆ ಬನ್ನಿ. ನೀರಿನ ಆಚೆ ತೆಂಗಿನ ಸಾಲು, ಅದರ ಹಿಂದೆ ನೀಲಿಯಾಗಿ ಘಟ್ಟ. ಕೊಡಚಾದ್ರಿಯ ಎತ್ತರ 1,343 ಮೀಟರ್. ಇಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 30 ಕಿ.ಮೀ. 24 ಮಿ.ಮೀ. ಲೆನ್ಸಿನಲ್ಲಿ ಅದು ಚೌಕಟ್ಟಿನ ಎತ್ತರದ ಇಪ್ಪತ್ತರಲ್ಲಿ ಒಂದು ಪಾಲೂ ತುಂಬುವುದಿಲ್ಲ. ಕಣ್ಣಿಗೆ ಅಷ್ಟು ಗಂಭೀರವಾಗಿ ಕಂಡ ಬೆಟ್ಟ ಚಿತ್ರದಲ್ಲಿ ಗದ್ದೆಯ ಅಂಚಿನಷ್ಟಾಗಿಬಿಡುತ್ತದೆ. ಅದೇ ಜಾಗದಲ್ಲಿ 200 ಮಿ.ಮೀ. ಹಾಕಿದರೆ ಚೌಕಟ್ಟಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಟ್ಟವೇ.

ಈಗ ನದಿಯಲ್ಲಿ ಒಂದು ದೋಣಿ ಬಂತೆನ್ನಿ. ಅಗಲ ಲೆನ್ಸು ಹಿಡಿದು ದೋಣಿಯ ಹತ್ತಿರ ಹೋದರೆ ದೋಣಿ ದೊಡ್ಡದು, ಬೆಟ್ಟ ಇಲ್ಲವೆನ್ನುವಷ್ಟು ಸಣ್ಣದು. ಹಿಂದೆ ಹಿಂದೆ ಸರಿದು ಉದ್ದ ಲೆನ್ಸಿನಲ್ಲಿ ನೋಡಿದರೆ ಅಂಬಿಗನ ಬೆನ್ನಿಗೇ ಕೊಡಚಾದ್ರಿ ಬಂದು ನಿಂತಂತಾಗುತ್ತದೆ. ಬೆಟ್ಟವನ್ನು ಎಳೆದು ತಂದದ್ದು ಲೆನ್ಸು ಎಂದುಕೊಳ್ಳುತ್ತೇವೆ. ಆ ಕೆಲಸ ಮಾಡಿದ್ದು ಹಿಂದೆ ಸರಿದ ಕಾಲು. ಲೆನ್ಸು ಬೇಡದ್ದನ್ನು ಕತ್ತರಿಸಿಕೊಟ್ಟಿತು, ಅಷ್ಟೆ.

ಕಡಲಿನ ಕಡೆ ತಿರುಗಿದರೆ ಮುಳುಗುವ ಸೂರ್ಯನದೂ ಇದೇ ಕಥೆ. ಸೆನ್ಸರಿನ ಮೇಲೆ ಬೀಳುವ ಸೂರ್ಯನ ಅಗಲ ಸಂಗಮದೂರದ ನೂರಹತ್ತನೇ ಒಂದು ಪಾಲಿನಷ್ಟು ಮಾತ್ರ. 50 ಮಿ.ಮೀ. ಲೆನ್ಸಿನಲ್ಲಿ ಅದು ಅರ್ಧ ಮಿ.ಮೀ. ಚುಕ್ಕಿ, 400ರಲ್ಲಿ ಮೂರೂವರೆ ಮಿ.ಮೀ. ದಾಟುತ್ತದೆ, ಅಂದರೆ ಚೌಕಟ್ಟಿನ ಅಗಲದ ಹತ್ತನೇ ಒಂದು ಪಾಲು. ದೊಡ್ಡ ಕೆಂಪು ಬಿಂಬ ಬೇಕೆನ್ನುವವರಿಗೆ ಉದ್ದ ಲೆನ್ಸೇ ಗತಿ. ಆದರೆ ಡಿಎಸ್‌ಎಲ್‌ಆರ್ ಕ್ಯಾಮೆರಾದ ಕಿಂಡಿಯಲ್ಲಿ, ಉದ್ದ ಲೆನ್ಸಿನ ಮೂಲಕ ಪ್ರಖರ ಸೂರ್ಯನನ್ನು ನೋಡಬಾರದು, ಕಣ್ಣು ಹೋದೀತು. ಬಿಂಬ ತಣಿದು ಕೆಂಪಾಗುವ ತನಕ ಹಿಂಬದಿಯ ಪರದೆಯಲ್ಲೇ ನೋಡಿಕೊಳ್ಳಿ.

ಗಂಗೊಳ್ಳಿ ಧಕ್ಕೆಯ ಮೂವತ್ತೈದು

ತ್ರಾಸಿಯಿಂದ ತೆಂಕಿಗೆ ತಿರುಗಿದರೆ ಗಂಗೊಳ್ಳಿ. ಸೌಪರ್ಣಿಕೆ, ವಾರಾಹಿ, ಚಕ್ರಾ, ಕುಬ್ಜಾ, ಕೇಟಕ – ಐದು ಹೊಳೆ ಒಟ್ಟಾಗಿ ಪಂಚಗಂಗಾವಳಿಯೆನಿಸಿ ಕಡಲು ಸೇರುವ ಜಾಗ. ಬೆಳಿಗ್ಗೆ ಬೋಟುಗಳು ಬಂದು ನಿಂತಾಗ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಐಸಿನ ಪುಡಿ, ಬಂಗುಡೆಯ ಬುಟ್ಟಿ, ಹರಾಜಿನ ಕೂಗು.

ನಾನು ಮೊದಲ ಸಲ ಹೋದಾಗ ದೊಡ್ಡ ಜೂಮ್ ಲೆನ್ಸು ಹಿಡಿದು ಒಂದು ಕಂಬದ ಮರೆಯಲ್ಲಿ ನಿಂತಿದ್ದೆ. ಸಿಕ್ಕಿದ್ದೆಲ್ಲ ಮುಖಗಳು; ಧಕ್ಕೆ ಎಲ್ಲೂ ಇಲ್ಲ. ಮೀನು ವಿಂಗಡಿಸುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ, ‘ಹ್ವಾಯ್, ಪಟ ತೆಗುಕ್ ಮಾತ್ರ ಬಂದದ್ದಾ? ಮೀನ್ ಬ್ಯಾಡ್ದಾ?’ ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾಚಿಕೆಯಾಗಿ ಹತ್ತಿರ ಹೋದೆ. ಚೀಲದಲ್ಲಿದ್ದ 35 ಮಿ.ಮೀ. ಲೆನ್ಸು ಹಾಕಿ, ‘ಅಕ್ಕ, ತೆಗೀಲಾ?’ ಎಂದು ಕೇಳಿದೆ. ಆಮೇಲಿನ ಚಿತ್ರಗಳಲ್ಲಿ ಅವರ ಕೈಯಿದೆ, ಕೈಯಲ್ಲಿ ಮೀನಿದೆ, ಹಿಂದೆ ಬೋಟಿನ ಮೂತಿಯಿದೆ, ಬುಟ್ಟಿ ಹೊತ್ತು ಓಡುವವನ ಅರ್ಧ ಕಾಲಿದೆ. 35 ಮಿ.ಮೀ. ಲೆನ್ಸಿನ ಗುಣವೇ ಅದು: ಮಾತಾಡುವಷ್ಟು ಹತ್ತಿರ ಹೋಗದೆ ಅದು ಕೆಲಸ ಮಾಡುವುದಿಲ್ಲ. ಜನರ ನಡುವೆ ಓಡಾಡಿ ಚಿತ್ರ ತೆಗೆಯುವವರು ಕೊಳ್ಳಬೇಕಾದ ಮೊದಲ ಲೆನ್ಸು ಅದೇ ಎಂದು ನನ್ನ ಲೆಕ್ಕ. ಆ ದಿನ ಬಂಗುಡೆಯನ್ನೂ ಕೊಂಡೆ.

ರಂಗಸ್ಥಳದ ಬೆಳಕು

ಮಳೆಗಾಲ ಕಳೆದು ಮಾರಣಕಟ್ಟೆ, ಮಂದಾರ್ತಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಇಲ್ಲಿ ಲೆನ್ಸಿನ ಉದ್ದಕ್ಕಿಂತ ಬಾಯಿಯ ಅಗಲ ಮುಖ್ಯ. ಎಫ್/1.8, ಎಫ್/5.6 ಎಂದು ಬರೆದಿರುವುದು ಈ ಬಾಯಿಯ ಅಳತೆ. ಸಂಖ್ಯೆ ಸಣ್ಣದಿದ್ದಷ್ಟೂ ಬಾಯಿ ದೊಡ್ಡದು. ಎಫ್/1.8 ಲೆನ್ಸು ಎಫ್/5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಕುಡಿಯುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18–55 ಲೆನ್ಸನ್ನು ತುದಿಗೆ ಎಳೆದರೆ ಅದು ಎಫ್/5.6ಕ್ಕಿಂತ ಹೆಚ್ಚು ಬಾಯಿ ತೆರೆಯುವುದಿಲ್ಲ.

ಬಡಗುತಿಟ್ಟಿನ ವೇಷ ಮಂಡಿ ಹಾಕಿ ಸುತ್ತುವ ಹೊತ್ತನ್ನು ನೆನೆಯಿರಿ. ಎಫ್/1.8ರಲ್ಲಿ ಸೆಕೆಂಡಿನ 250ನೇ ಒಂದು ಭಾಗದಲ್ಲಿ ಚಿತ್ರ ಸಿಕ್ಕುತ್ತದೆ ಎಂದಾದರೆ, ಅದೇ ಬೆಳಕಿನಲ್ಲಿ, ಅದೇ ಐಎಸ್‌ಒದಲ್ಲಿ ಎಫ್/5.6ಕ್ಕೆ 25ನೇ ಒಂದು ಭಾಗ ಬೇಕು. ಅಷ್ಟರಲ್ಲಿ ವೇಷ ಒಂದಿಷ್ಟು ತಿರುಗಿರುತ್ತದೆ. ನಮಗೆ ಸಿಗುವುದು ಬಣ್ಣದ ಮುದ್ದೆ. ಫ್ಲಾಶ್ ಹೊಡೆಯುವುದು ಕಲಾವಿದನ ಕಣ್ಣಿಗೂ ಪ್ರೇಕ್ಷಕನ ರಸಕ್ಕೂ ಮಾಡುವ ಅಪಚಾರ. ಆದ್ದರಿಂದ ಆಟಕ್ಕೆ ಹೋಗುವವರಿಗೆ 85 ಮಿ.ಮೀ. ಎಫ್/1.8 ಒಳ್ಳೆಯ ಸಂಗಾತಿ. ಅಷ್ಟು ದುಡ್ಡಿಲ್ಲದಿದ್ದರೆ 50 ಮಿ.ಮೀ. ಎಫ್/1.8. ಕ್ಯಾನನ್, ನಿಕಾನ್ ಡಿಎಸ್‌ಎಲ್‌ಆರ್‌ಗಳಿಗೆ ಬರುವ ಈ ಲೆನ್ಸು 200 ಗ್ರಾಂ ಕೂಡ ತೂಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಲೆನ್ಸುಗಳಲ್ಲಿ ಒಂದು. ಚೌಕಿಯೊಳಗೆ ಕನ್ನಡಿಯ ಮುಂದೆ ಬಣ್ಣ ಬರೆದುಕೊಳ್ಳುತ್ತಿರುವವರ ಮುಖಕ್ಕೂ ಇದೇ ಸಾಕು.

ಕೆಸರು, ರೆಕ್ಕೆ

ವಂಡಾರಿನ ಕಂಬಳಗದ್ದೆಯಲ್ಲಿ ಈ ಪುಟ್ಟ ಲೆನ್ಸುಗಳು ನಿಮ್ಮನ್ನು ಕೈಬಿಡುತ್ತವೆ. ಕೋಣಗಳ ದಾರಿಗೆ ಅಡ್ಡ ನಿಲ್ಲುವಂತಿಲ್ಲ, ಓಟ ಇನ್ನೊಮ್ಮೆ ಬರುವುದಿಲ್ಲ. 70–200 ಜೂಮ್ ಇಲ್ಲಿನ ಆಳು. ಆದರೆ ಎಫ್/2.8ರ 70–200 ಒಂದೂವರೆ ಕಿಲೊ ಹತ್ತಿರ ತೂಗುತ್ತದೆ, ಬೆಲೆಯೂ ಹಾಗೇ. ಕಂಬಳ ನಡೆಯುವುದು ಹಗಲಿನ ಬಿಸಿಲಿನಲ್ಲಾದರೆ ಹಗುರವಾದ ಎಫ್/4 ಸಾಕು.

ಕಾಂಡ್ಲಾ ಗಿಡಗಳ ನಡುವಿನ ಮಿಂಚುಳ್ಳಿ, ಅಳಿವೆಯ ಮೇಲೆ ಸುತ್ತುವ ಗರುಡ ಬೇಕೆಂದರೆ 150–600ರ ಮಾತು ಬರುತ್ತದೆ. ಅದು ಸುಮಾರು ಎರಡು ಕಿಲೊ. ವಾರಕ್ಕೊಮ್ಮೆಯಾದರೂ ಹಕ್ಕಿಯ ಹಿಂದೆ ಹೋಗುವವರು ಕೊಳ್ಳಲಿ. ವರ್ಷಕ್ಕೆರಡು ಸಲ ಹೋಗುವವರು ಬಾಡಿಗೆಗೆ ತರಲಿ. ಮೂಡಿಗೆರೆಯಲ್ಲಿದ್ದು ಹಕ್ಕಿಗಳ ಬೆನ್ನುಹತ್ತಿದ ಲೇಖಕ ತೇಜಸ್ವಿ ಆ ಹುಚ್ಚಿಗೆ ಬಿದ್ದದ್ದು ಫಿಲ್ಮಿನ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ, ಪ್ರತಿಯೊಂದಕ್ಕೂ ಕಾಸು. ಉದ್ದ ಲೆನ್ಸಿಗಿಂತ ಕಾಯುವ ತಾಳ್ಮೆ ದೊಡ್ಡದು ಎಂಬುದು ಆ ತಲೆಮಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಉಪ್ಪು ಮತ್ತು ಬೂಸ್ಟು

ಒಂದು ಕಾಲದಲ್ಲಿ ನಾನೂ ಐದು ಲೆನ್ಸು ಹೊತ್ತವನೇ. ಕಡಲ ಗಾಳಿಗೆ ಬೆನ್ನು ಕೊಟ್ಟು ತ್ರಾಸಿಯ ಮರಳಿನಲ್ಲಿ ಲೆನ್ಸು ಬದಲಿಸುತ್ತಿದ್ದೆ. ಒಂದು ದಿನ ಜೂಮ್ ಬಳೆ ತಿರುಗಿಸಿದರೆ ಕರಕರ ಸದ್ದು. ಮರಳ ಕಣ ಒಳಗೆ ಕೂತಿತ್ತು. ಅಂದಿನಿಂದ ಕಿನಾರೆಗೆ ಇಳಿಯುವ ಮೊದಲೇ ಯಾವ ಲೆನ್ಸು ಎಂದು ತೀರ್ಮಾನ. ಮೇಲೆ ಬರುವ ತನಕ ಬದಲಿಸುವ ಮಾತಿಲ್ಲ. ಮನೆಗೆ ಬಂದ ಕೂಡಲೇ ನೀರಲ್ಲದ್ದಿ ಹಿಂಡಿದ ಬಟ್ಟೆಯಿಂದ ಲೆನ್ಸಿನ ಹೊರಮೈಯ ಉಪ್ಪು ಒರೆಸುವುದು ರೂಢಿಯಾಯಿತು.

ಇನ್ನೊಂದು ಏಟು ಮಳೆಗಾಲದ್ದು. ಜೂನಿನಲ್ಲಿ ಒಂದು ಒಳ್ಳೆಯ ಲೆನ್ಸನ್ನು ಚರ್ಮದ ಚೀಲದಲ್ಲಿ ಜೋಪಾನವಾಗಿ ಕಪಾಟಿನೊಳಗಿಟ್ಟೆ. ಅಕ್ಟೋಬರಿನಲ್ಲಿ ತೆಗೆದು ಟಾರ್ಚು ಬಿಟ್ಟು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು: ಬೂಸ್ಟು. ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು, ಆದರೆ ಗಾಜಿನ ಲೇಪವನ್ನು ಅದು ಆಗಲೇ ತಿಂದಿತ್ತು. ಕತ್ತಲೆ, ತೇವ, ಅಲುಗದ ಗಾಳಿ, ಚರ್ಮದ ಚೀಲ – ಬೂಸ್ಟಿಗೆ ಬೇಕಾದ್ದನ್ನೆಲ್ಲ ನಾನೇ ಒದಗಿಸಿದ್ದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರು ಇದ್ದರೆ ಸಾಕು. ತೇವಾಂಶ ಶೇ 40ರಿಂದ 50ರ ಒಳಗೆ ನಿಲ್ಲಬೇಕು. ಅಕ್ಕಿಯಲ್ಲಿ ಹೂತಿಡಬೇಡಿ, ಅದರ ಹುಡಿ ಒಳಗೆ ಸೇರುತ್ತದೆ. ಸೆಕೆಂಡ್‌ಹ್ಯಾಂಡ್ ಲೆನ್ಸು ಕೊಳ್ಳುವಾಗಲೂ ಮೊದಲ ಪರೀಕ್ಷೆ ಟಾರ್ಚಿನದೇ. ಕರಾವಳಿಯಲ್ಲಿ ಬಳಸದೆ ಇಟ್ಟ ಲೆನ್ಸು ಬಳಸಿದ್ದಕ್ಕಿಂತ ಬೇಗ ಕೆಡುತ್ತದೆ. ಹೆಚ್ಚು ಲೆನ್ಸು ಬೇಡವೆನ್ನುವುದಕ್ಕೆ ನಮ್ಮೂರಿನ ಹವೆಗಿಂತ ಬೇರೆ ಕಾರಣ ಬೇಕಿಲ್ಲ.

ನಿಮ್ಮದೇ ನೂರು ಚಿತ್ರ

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನಿಮಗೆ ಇಷ್ಟವಾದ, ನೀವೇ ತೆಗೆದ ನೂರು ಚಿತ್ರಗಳನ್ನು ಆರಿಸಿ. ಪ್ರತಿ ಡಿಜಿಟಲ್ ಚಿತ್ರದ ಒಡಲಲ್ಲೂ ಅದನ್ನು ಎಷ್ಟು ಮಿ.ಮೀ.ನಲ್ಲಿ ತೆಗೆದದ್ದು ಎಂಬುದು ದಾಖಲಾಗಿರುತ್ತದೆ. ಎಣಿಸಿ ಬರೆದುಕೊಳ್ಳಿ. ನಾನು ಹಾಗೆ ಎಣಿಸಿದಾಗ ಹೊತ್ತು ತಿರುಗಿದ ಐದರಲ್ಲಿ ಎರಡು ಲೆನ್ಸು ಪಟ್ಟಿಗೇ ಬರಲಿಲ್ಲ. ಅವನ್ನು ಮಾರಿದೆ. ಉಳಿದದ್ದು 35, 85 ಮತ್ತು ಹಗುರದ 70–200. ಧಕ್ಕೆಗೆ ಮೊದಲನೆಯದು, ಆಟಕ್ಕೆ ಮೊದಲೆರಡು, ಕಂಬಳಕ್ಕೂ ಕೊಡಚಾದ್ರಿಗೂ ಮೂರನೆಯದು. ಹೂವಿನ ಕೇಸರ, ಮಳೆಗಾಲದ ಹುಳುಹುಪ್ಪಟೆಯ ಹುಚ್ಚಿದ್ದವರ ಪಟ್ಟಿಯಲ್ಲಿ ಮ್ಯಾಕ್ರೊ ಬಂದೀತು. ಮದುವೆ ಮನೆಯಲ್ಲಿ ದುಡಿಯುವವರಿಗೆ 24–70 ಇಲ್ಲದೆ ಆಗದು. ಬೇರೆಯವರ ಪಟ್ಟಿ ನೋಡಿ ಕೊಂಡ ಲೆನ್ಸು ಕಪಾಟಿನಲ್ಲಿ ಬೂಸ್ಟಿಗೆ ಊಟವಾಗುತ್ತದೆ.

ಇನ್ನು ಆ ಸಂಸಾರದ ಫೋಟೊ. ಅವರ ಮಗ ಮೊಬೈಲನ್ನು 0.5ಕ್ಕೆ ಇಟ್ಟುಕೊಟ್ಟಿದ್ದ, ಹಾಗೆ ತೆಗೆದರೆ ಅಂಚಿನಲ್ಲಿ ನಿಂತ ಅಜ್ಜಿಯ ಮುಖ ಕುಂಬಳಕಾಯಿಯಂತೆ ಹಿಗ್ಗುತ್ತಿತ್ತು. ಮೊಬೈಲನ್ನು ಮುಖ್ಯ ಲೆನ್ಸಿಗೆ ತಂದೆ. ಮೊದಲು ಅವರೆಲ್ಲರನ್ನೂ ಕಡಲ ಕಡೆ ಬೆನ್ನು ಮಾಡಿ ನಿಲ್ಲಿಸಿ ಒಂದು ತೆಗೆದೆ. ಆಮೇಲೆ ವಾಹನ ನೋಡಿಕೊಂಡು ದಾರಿ ದಾಟಿಸಿ, ನದಿಯನ್ನು ಬೆನ್ನಿಗಿಟ್ಟು ಇನ್ನೊಂದು. ಈಗ ಮುಳುಗುವ ಬಿಸಿಲು ನೇರ ಅವರ ಮುಖಕ್ಕೆ ಬೀಳುತ್ತಿತ್ತು. ಹಿಂದೆ ಸೌಪರ್ಣಿಕೆ ಮಿಂಚುತ್ತಿತ್ತು.

‘ಒಂದರಲ್ಲೇ ಎರಡೂ ಬರೋದಿಲ್ವಾ ಸರ್?’ ಹುಡುಗ ಕೇಳಿದ.

‘ಇಲ್ಲ ಮಾರಾಯ,’ ಎಂದೆ.

ಅಜ್ಜಿ ಎರಡೂ ಚಿತ್ರ ನೋಡಿದರು. ಕಡಲಿನದರಲ್ಲಿ ಎಲ್ಲರ ಮುಖವೂ ಕಪ್ಪು. ನದಿಯದನ್ನೇ ಮತ್ತೆ ಮತ್ತೆ ನೋಡಿ, ‘ಇದ್ರಲ್ಲಿ ಎಲ್ರೂ ಕಾಣ್ತಾರೆ’ ಎಂದರು.