ಪ್ರೌಢಶಾಲಾಧ್ಯಾಪಕರ ಪ್ರಶಿಕ್ಷಣದಲ್ಲಿ ಶಾಸ್ತ್ರವೂ ಪ್ರಯೋಗವೂ

ವಿದ್ಯೆಯನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲರೇ ಎಂಬ ಪ್ರಶ್ನೆಯು ಭರತಖಂಡದಲ್ಲಿ ಬಹು ಪ್ರಾಚೀನವಾದುದು. ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರೊಳಗೆ ಯಾರು ಮೇಲೆಂಬ ವಿವಾದವುಂಟಾದಾಗ, ಪರಿವ್ರಾಜಿಕೆಯು ಸ್ವಂತ ನೈಪುಣ್ಯವೇ ಬೇರೆ, ಅದನ್ನು ಶಿಷ್ಯರಲ್ಲಿ ನೆಲೆಗೊಳಿಸುವ ಶಕ್ತಿಯೇ ಬೇರೆಯೆಂದು ವಿಂಗಡಿಸಿ, ಎರಡನ್ನೂ ಪಡೆದವನಿಗೆ ಅಗ್ರಸ್ಥಾನವನ್ನು ಕೊಡುತ್ತಾಳೆ. ಪರೀಕ್ಷೆಯಾದರೂ ಆಚಾರ್ಯರ ವಾಗ್ವಾದದಿಂದ ನಡೆಯದೆ ಶಿಷ್ಯರ ಪ್ರಯೋಗದಿಂದ ನಡೆಯತಕ್ಕದ್ದೆಂದು ನಿಶ್ಚಯವಾಗುತ್ತದೆ. ಪ್ರೌಢಶಾಲೆಯ ಅಧ್ಯಾಪಕನನ್ನು ಸಿದ್ಧಗೊಳಿಸುವ ಇಂದಿನ ಕ್ರಮವನ್ನು ವಿಚಾರಮಾಡುವುದಕ್ಕೂ ಇದಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯಲಾರದು.

ಶಾಸ್ತ್ರಶ್ರವಣದೊಡನೆ ಕರ್ಮಾಭ್ಯಾಸವೂ ಬೇಕೆಂಬುದನ್ನು ವೈದ್ಯಶಾಸ್ತ್ರವು ಇನ್ನೂ ಸ್ಪಷ್ಟವಾಗಿ ಹೇಳಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯವು ಈ ವಿಷಯಕ್ಕೇ ಮೀಸಲು. ಎಷ್ಟು ಓದಿದ್ದರೂ ಕೈಯಭ್ಯಾಸವಿಲ್ಲದ ಶಿಷ್ಯನು ಚಿಕಿತ್ಸೆಗೆ ಯೋಗ್ಯನಲ್ಲವೆಂದು ಅಲ್ಲಿ ಹೇಳಿ, ಕೊಯ್ಯುವುದನ್ನು ಕುಂಬಳ ಸೋರೆ ಮೊದಲಾದ ಕಾಯಿಗಳ ಮೇಲೂ, ಕಟ್ಟು ಕಟ್ಟುವುದನ್ನು ಮನುಷ್ಯಾಕಾರದ ಬೊಂಬೆಯ ಮೇಲೂ ಕಲಿಯಬೇಕೆಂದು ವಿಧಿಸಿದೆ. ಆದರೆ ಅಧ್ಯಾಪಕನಿಗೆ ಇಂತಹ ಕಾಯಿಯೂ ಬೊಂಬೆಯೂ ಇಲ್ಲ. ಸಹಪಾಠಿಗಳನ್ನೇ ಮಕ್ಕಳೆಂದು ಭಾವಿಸಿ ಮಾಡುವ ಕಿರುಪಾಠಗಳು ಸ್ವಲ್ಪ ಉಪಕಾರಕವಾದರೂ, ತರಗತಿಯ ಅಭ್ಯಾಸವು ಜೀವಂತರಾದ ಮಕ್ಕಳ ಎದುರಿನಲ್ಲಿಯೇ ನಡೆಯಬೇಕು; ಅಲ್ಲಿ ಸಂಭವಿಸುವ ತಪ್ಪಿನ ಫಲವನ್ನು ಅನುಭವಿಸುವವರು ಆ ಮಕ್ಕಳೇ. ಆದುದರಿಂದಲೇ ಈ ಅಭ್ಯಾಸಕ್ಕೆ ಬಲ್ಲವರ ಮೇಲ್ವಿಚಾರಣೆಯು ಅತ್ಯವಶ್ಯಕ.

ಈ ತತ್ತ್ವವು ಭಾರತದ ಆಧುನಿಕ ಶಿಕ್ಷಣವ್ಯವಸ್ಥೆಯೊಳಕ್ಕೆ ಕ್ರಮಕ್ರಮವಾಗಿ ಪ್ರವೇಶಿಸಿತು. ೧೮೫೪ರ ವುಡ್ ಮಹಾಶಯನ ಶಿಕ್ಷಣಪತ್ರವು ಉಪಾಧ್ಯಾಯರ ತರಬೇತಿಗಾಗಿ ಪ್ರತ್ಯೇಕ ಶಾಲೆಗಳನ್ನು ಸ್ಥಾಪಿಸಬೇಕೆಂದು ಸೂಚಿಸಿತು. ೧೮೮೨ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ಬೋಧನೆಯ ತತ್ತ್ವ ಮತ್ತು ಪ್ರಯೋಗಗಳೆರಡರಲ್ಲಿಯೂ ಪರೀಕ್ಷೆ ನಡೆಯಬೇಕೆಂದೂ, ಪ್ರೌಢಶಾಲೆಗಳಲ್ಲಿ ಖಾಯಂ ಉದ್ಯೋಗಕ್ಕೆ ಅದರ ಉತ್ತೀರ್ಣತೆಯೇ ನಿಬಂಧನೆಯಾಗಬೇಕೆಂದೂ ಸಲಹೆಮಾಡಿತು. ೧೯೦೪ರ ಸರ್ಕಾರದ ಶಿಕ್ಷಣನಿರ್ಣಯವು ಪ್ರತಿಯೊಂದು ತರಬೇತಿ ಕಾಲೇಜಿಗೂ ಒಂದು ಅಭ್ಯಾಸಶಾಲೆಯು ಸೇರಿರಬೇಕೆಂದಿತು. ಅಷ್ಟಕ್ಕೇ ನಿಲ್ಲದೆ, ಕಾಲೇಜಿನಲ್ಲಿ ಕಲಿತ ವಿಧಾನವನ್ನು ಶಾಲೆಗೆ ಹೋದೊಡನೆ ಅಧ್ಯಾಪಕನು ಕೈಬಿಡದಂತೆ ಕಾಲೇಜಿಗೂ ಶಾಲೆಗೂ ಸಂಬಂಧವಿರಬೇಕೆಂದೂ ಎಚ್ಚರಿಸಿತು. ಮೈಸೂರಿನಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಕಾಲೇಜಿನ ಆವರಣದಲ್ಲಿಯೇ ಪ್ರಾತ್ಯಕ್ಷಿಕ ಶಾಲೆಯೊಂದು ಇರುವುದು ಈ ಭಾವನೆಯ ಫಲವೇ ಸರಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ೨೦೧೪ರಲ್ಲಿ ಹೊರಡಿಸಿದ ನಿಯಮಗಳು ಬಿ.ಎಡ್. ವ್ಯಾಸಂಗದ ಅವಧಿಯನ್ನು ಒಂದು ವರ್ಷದಿಂದ ಎರಡು ವರ್ಷಗಳಿಗೆ ಏರಿಸಿ, ಅದರೊಳಗೆ ೨೦ ವಾರಗಳನ್ನು ಶಾಲೆಯ ಸಂಪರ್ಕಕ್ಕೆ ವಿನಿಯೋಗಿಸಿದುವು: ಮೊದಲ ವರ್ಷದಲ್ಲಿ ೪, ಎರಡನೆಯ ವರ್ಷದಲ್ಲಿ ೧೬. ಹೀಗೆ ಅವಕಾಶವೇನೋ ದೊರೆಯಿತು. ಅದರ ಸದ್ವಿನಿಯೋಗವೇ ವಿಚಾರಣೀಯವಾದುದು.

ಶಾಲೆಗೆ ಕಳುಹಿಸಲ್ಪಟ್ಟ ಪ್ರಶಿಕ್ಷಣಾರ್ಥಿಯು ಗೊತ್ತಾದಷ್ಟು ಪಾಠಯೋಜನೆಗಳನ್ನು ಬರೆದು, ಅಷ್ಟೇ ಪಾಠಗಳನ್ನು ಒಪ್ಪಿಸಿ, ಸಹಿಗಳನ್ನು ಪಡೆದು ಹಿಂದಿರುಗಿದರೆ ವಿಧಿಯು ಪೂರ್ತಿಯಾದಂತಾಯಿತು, ವಿದ್ಯೆಯು ಪೂರ್ತಿಯಾಗಲಿಲ್ಲ. ಪಾಠವು ಶಾಲೆಯೆಂಬ ಶರೀರದ ಒಂದು ಅಂಗ. ಬೆಳಗಿನ ಮೊದಲ ಅವಧಿಯಲ್ಲಿ ಮಕ್ಕಳ ಮುಖದಲ್ಲಿರುವ ಲವಲವಿಕೆಯು ಸಂಜೆಯ ಕೊನೆಯ ಅವಧಿಯಲ್ಲಿ ಇರುವುದಿಲ್ಲವೆಂಬುದನ್ನು ವೇಳಾಪಟ್ಟಿಯನ್ನು ತಯಾರಿಸುವವರು ಬಲ್ಲರು. ಸುಗ್ಗಿಯ ಕಾಲದಲ್ಲಿ ಯಾವ ಮಕ್ಕಳ ಸ್ಥಳ ಬರಿದಾಗುತ್ತದೆಂಬುದನ್ನು ಹಾಜರಿ ಪುಸ್ತಕವು ಹೇಳುತ್ತದೆ. ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯ ನೆರಳು ಒಂಬತ್ತನೆಯ ತರಗತಿಯ ಮೇಲೂ ಹೇಗೆ ಬೀಳುತ್ತದೆ, ಮುಖ್ಯೋಪಾಧ್ಯಾಯರು ಪೋಷಕರೊಡನೆ ಯಾವ ವಿಷಯಗಳನ್ನು ಮಾತನಾಡಬೇಕಾಗುತ್ತದೆ ಎಂಬಿವು ಯಾವ ಪಠ್ಯಗ್ರಂಥದಲ್ಲಿಯೂ ಸಿಕ್ಕುವುವಲ್ಲ. ಇವನ್ನರಿಯದವನ ಪಾಠವು ಎಷ್ಟು ಸುಂದರವಾಗಿದ್ದರೂ ನೆಲವನ್ನು ನೋಡದೆ ಬಿತ್ತಿದ ಬೀಜದಂತೆ.

ಭಾಷಾಧ್ಯಾಪಕನ ವಿಷಯದಲ್ಲಿ ಇದನ್ನು ಉದಾಹರಣೆಯಿಂದ ತೋರಿಸಬಹುದು. ಹಳಗನ್ನಡ ಪದ್ಯವೊಂದರಲ್ಲಿ ‘ಪುಲಿ’, ‘ಪೂ’ ಎಂಬ ಶಬ್ದಗಳು ಬಂದುವೆನ್ನೋಣ. ಶಬ್ದಮಣಿದರ್ಪಣವನ್ನು ಓದಿ ಬಂದ ಹೊಸ ಅಧ್ಯಾಪಕನಿಗೆ ಪಕಾರವು ಹಕಾರವಾದ ಬಗೆಯನ್ನು ಮೊದಲು ಲಕ್ಷಣಮುಖದಿಂದ ಹೇಳಬೇಕೆನಿಸುವುದು ಸಹಜ. ಆದರೆ ಮಂಗಳೂರಿನ ಕಡೆಯ ಶಾಲೆಯಲ್ಲಿ ಅವನೆದುರಿಗೆ ತುಳು ಮನೆಮಾತಿನ ಮಕ್ಕಳು ಕುಳಿತಿದ್ದರೆ, ಅವರ ಮನೆಯಲ್ಲಿ ಹೂವು ಇಂದಿಗೂ ‘ಪೂ’, ಹುಲಿಯು ‘ಪಿಲಿ’. ಲಕ್ಷಣಕಾರನ ಸಹಾಯವಿಲ್ಲದೆಯೇ ಅರ್ಧದಾರಿಯು ಸವೆದಿರುತ್ತದೆ. ಅದೇ ಪದ್ಯವನ್ನು ಉರ್ದು ಮನೆಮಾತಿನ ಮಕ್ಕಳಿಗೆ ಹೇಳುವಾಗ ದಾರಿಯು ಬೇರೆ. ಅವರಿಗೆ ಹೊಸಗನ್ನಡದ ‘ಹೂ’, ‘ಹುಲಿ’ಗಳಿಂದಲೇ ಹಿಂದಕ್ಕೆ ನಡೆಯಬೇಕು. ಪದ್ಯವು ಒಂದೇ, ಲಕ್ಷಣವೂ ಒಂದೇ. ಪ್ರವೇಶದ್ವಾರವು ಮಾತ್ರ ತರಗತಿಗೆ ತಕ್ಕಂತೆ ಬೇರೆ. ಆ ದ್ವಾರವನ್ನು ಕಂಡುಕೊಳ್ಳುವುದಕ್ಕೆ ಮಕ್ಕಳ ಮನೆಮಾತನ್ನು ವಿಚಾರಿಸಿ ತಿಳಿಯುವಷ್ಟು ಕಾಲ ಅವರ ನಡುವೆ ಇರಬೇಕು. ಇಂದು ಒಂದು ತರಗತಿ, ನಾಳೆ ಮತ್ತೊಂದು ತರಗತಿ ಎಂದು ಅಲೆಯುವವನಿಗೆ ಇದು ಲಭಿಸದು.

ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ವಿದ್ಯೆಯು ಸಾರ್ಥಕವಾಗುವ ನಾಲ್ಕು ಹಂತಗಳನ್ನು ಎಣಿಸಿದ್ದಾನೆ: ಗುರುವಿನಿಂದ ಪಡೆಯುವುದು, ತಾನೇ ಅಭ್ಯಸಿಸುವುದು, ಪರರಿಗೆ ಪ್ರವಚನಮಾಡುವುದು, ವ್ಯವಹಾರದಲ್ಲಿ ತರುವುದು. ಇಲ್ಲಿ ಗಮನಿಸತಕ್ಕುದು, ಪಾಠ ಹೇಳುವುದೂ ಹೇಳುವವನ ವಿದ್ಯೆಯನ್ನೇ ಪರಿಪಕ್ವಗೊಳಿಸುವ ಒಂದು ಹಂತವೆಂಬುದು. ಶಾಲೆಯಲ್ಲಿ ಕಳೆಯುವ ವಾರಗಳನ್ನು ಕಾಲೇಜಿನ ಓದು ಮುಗಿದ ಮೇಲೆ ಅಂಟಿಸಿದ ಬಾಲವೆಂದು ಎಣಿಸುವವರು ಈ ಸತ್ಯವನ್ನು ಮರೆಯುತ್ತಾರೆ. ತರಗತಿಯಲ್ಲಿ ಎಡವಿದವನು ಪುನಃ ಗ್ರಂಥಕ್ಕೆ ಮರಳಿದಾಗ, ಮೊದಲು ಬರಿಯ ವಾಕ್ಯವಾಗಿದ್ದುದು ಅವನಿಗೆ ಅರ್ಥವಾಗಿ ಕಾಣುತ್ತದೆ.

ಆದುದರಿಂದ ಪ್ರಯೋಗಕಾಲವು ಫಲಪ್ರದವಾಗಬೇಕಾದರೆ ಕೆಲವು ಸಂಗತಿಗಳು ಆವಶ್ಯಕ. ಆರಂಭದ ದಿನಗಳು ನೋಡುವುದಕ್ಕೂ ಕೇಳುವುದಕ್ಕೂ ಮೀಸಲಾಗಿರಬೇಕು. ಅನಂತರ ಒಂದೇ ತರಗತಿಯ ಹೊಣೆಯು, ಬರೆಹಗಳನ್ನು ತಿದ್ದುವ ಕೆಲಸದೊಡನೆ, ಎಡೆಬಿಡದೆ ಕೆಲವು ವಾರಗಳವರೆಗೆ ದೊರೆಯಬೇಕು. ದಿನಚರಿಯಲ್ಲಿ ಪಾಠದ ಹೆಸರಿಗಿಂತ ಮಗುವಿನ ಪ್ರಶ್ನೆಗೆ ಹೆಚ್ಚಿನ ಸ್ಥಳವಿರಬೇಕು. ವಾರಕ್ಕೊಮ್ಮೆ ಆ ದಿನಚರಿಯನ್ನು ಮುಂದಿಟ್ಟುಕೊಂಡು ಕಾಲೇಜಿನ ಗುರುಗಳೂ ಶಾಲೆಯ ಅನುಭವಸ್ಥ ಅಧ್ಯಾಪಕರೂ ಕೂಡಿ ವಿಚಾರಮಾಡಬೇಕು. ಶಾಲೆಯವರಿಗೆ ಅದಕ್ಕೆ ಬೇಕಾದ ಬಿಡುವನ್ನು ವೇಳಾಪಟ್ಟಿಯಲ್ಲಿಯೇ ಒದಗಿಸಬೇಕು. ಈ ಕೊನೆಯ ವ್ಯವಸ್ಥೆಯಿಲ್ಲದಿದ್ದರೆ ೧೬ ವಾರಗಳನ್ನು ೩೨ ಮಾಡಿದರೂ ಪ್ರಯೋಜನವಿಲ್ಲ.

ಒಬ್ಬ ಪ್ರಶಿಕ್ಷಣಾರ್ಥಿಯ ಹಿಂದೆ ಮುಂದಿನ ಹಲವು ದಶಕಗಳ ತರಗತಿಗಳು ನಿಂತಿವೆ. ಆ ಮಕ್ಕಳಿಗೆ ಪಂಪ ಕುಮಾರವ್ಯಾಸರು ಪರೀಕ್ಷೆಯ ಭಾರವಾಗುವರೋ ಜೀವನದ ಸಂಗಾತಿಗಳಾಗುವರೋ ಎಂಬುದು ಅವನು ಪಡೆದ ಅಭ್ಯಾಸವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಪಾಂಡಿತ್ಯವನ್ನು ರಕ್ಷಿಸಬೇಕೆಂಬ ವಿದ್ವಾಂಸರು ಪ್ರೌಢಶಾಲೆಯ ತರಗತಿಯತ್ತಲೂ ದೃಷ್ಟಿ ಹರಿಸುವುದು ಯುಕ್ತ. ಪಾಂಡಿತ್ಯವು ಮುಂದಿನ ತಲೆಮಾರಿಗೆ ದಾಟುವ ಸೇತುವೆಯು ಅಲ್ಲಿಯೇ ಇರುವುದು.